ಕಚ್ಚಾಕಿಲ್ಲ

ಉಪ್ಪು ಒಣಗುವವರೆಗೆ ಬೇರೆ ಕೆಲಸವಿರಲಿಲ್ಲ. ಚೆಲುವಾಂಬ ಕವಚದ ಎಡಗಂಕುಳಿನ ಅಂಚನ್ನು ನೋಡದೆ ಇರುವ ಕೆಲಸವನ್ನು ಮಾಡುತ್ತ ಕೂತಿದ್ದಳು. ಕವಚ ಮಣೆಯ ಮೇಲೆ, ಗೋಡೆಗೆ ಒರಗಿ, ತಲೆಯಿಲ್ಲದ ಅತಿಥಿಯ ಹಾಗೆ ಕೂತಿತ್ತು. ಎದೆ ಬೆನ್ನುಗಳು ಎಣ್ಣೆ ಡಬ್ಬ ಕತ್ತರಿಸಿ ಬಡಿದು ಹರಡಿದ ತಗಡು, ಭುಜಗಳು ರಟ್ಟು, ಕೊರಳಿನ ಸುತ್ತ ಸೈಕಲ್ ಟ್ಯೂಬಿನ ಉಂಗುರಗಳು, ಪಕ್ಕದಲ್ಲಿ ನೆಲದ ಮೇಲೆ ಯಾರೋ ಎಸೆದ ಸ್ಕೂಟರ್ ಹೆಲ್ಮೆಟ್ಟಿಗೆ ಕಪ್ಪು ಗಾಜಿನ ಮುಖ. ಮೊದಲು ಕಂದು ಬಣ್ಣ ಬಳಿದು, ಅದು ಹಸಿಯಿರುವಾಗಲೇ ಅಲ್ಲಲ್ಲಿ ಕಲ್ಲುಪ್ಪು ಅಂಟಿಸಿ, ಅದರ ಮೇಲೆ ಬೆಳ್ಳಿ ಬಣ್ಣ ಹೊಡೆದಿದ್ದಳು. ಒಣಗಿದ ಮೇಲೆ ಉಪ್ಪನ್ನು ಉಜ್ಜಿ ಉದುರಿಸಿದರೆ ಬೆಳ್ಳಿಯಲ್ಲಿ ತೂತು ಬಿದ್ದು ಒಳಗಿನ ತುಕ್ಕು ಕಾಣಬೇಕು. ಯಾರೂ ಹೇಳಿಕೊಟ್ಟದ್ದಲ್ಲ, ಹಿತ್ತಿಲ ಉಪ್ಪಿನ ಡಬ್ಬದ ಮುಚ್ಚಳ ತುಕ್ಕು ಹಿಡಿದದ್ದನ್ನು ನೋಡುತ್ತ ನೋಡುತ್ತ ಹೊಳೆದದ್ದು. ಮೂರು ಸಾವಿರನೇ ಇಸವಿಯಲ್ಲಿ ಮಂಗಳ ಗ್ರಹದಿಂದ ಹಿಂತಿರುಗುವ ಯೋಧನ ಕವಚ ಹೊಸದಾಗಿರಬಾರದು, ಮುನ್ನೂರು ವರ್ಷ ಯುದ್ಧ ಕಂಡ ಹಾಗಿರಬೇಕು ಎಂದು ಫಿಸಿಕ್ಸಿನ ನಂಜುಂಡಸ್ವಾಮಿ ಸರ್ ಹೇಳಿದ್ದರು. ಕಾಲೇಜಿನ ವಾರ್ಷಿಕೋತ್ಸವದ ನಾಟಕ ಇವತ್ತೇ, ಸಂಜೆ ನಾಲ್ಕಕ್ಕೆ. ಈಗಿನ್ನೂ ಬೆಳಗಿನ ಹತ್ತು ಗಂಟೆ. ತುಕ್ಕಿನ ಬಣ್ಣ ಮಾತ್ರ ಕೂರುತ್ತಿರಲಿಲ್ಲ. ಇಟ್ಟಿಗೆ ಪುಡಿ ಕಲಸಿದರೆ ತೀರ ಕೆಂಪು, ಕಾಫಿ ಡಿಕಾಕ್ಷನ್ ಸವರಿದರೆ ತೀರ ತೆಳು, ಎರಡೂ ಸೇರಿಸಿದರೆ ಯಾರೋ ಸಾರು ಚೆಲ್ಲಿದ ಹಾಗೆ.

ಇದೇ ಕೋಣೆಯಲ್ಲಿ ಅವಳ ಅಪ್ಪ ಕಂಠಪ್ಪ ಇಪ್ಪತ್ತೆಂಟು ವರ್ಷಗಳಿಂದ ಕಿರೀಟ, ಭುಜಕೀರ್ತಿ, ಎದೆಗವಚ ಮಾಡುತ್ತಿದ್ದ. ಸಾಲಿಗ್ರಾಮದ ಸುತ್ತ ಎಲ್ಲಿ ಪೌರಾಣಿಕ ನಾಟಕ ಆಡಿದರೂ ದುರ್ಯೋಧನನ ತಲೆಯ ಮೇಲೆ ಅವನ ಕೈಯೇ ಇರುತ್ತಿತ್ತು. ಗೋಡೆಯ ತುಂಬ ಮೊಳೆಗಳು, ಮೊಳೆಗಳ ತುಂಬ ಚಿನ್ನದ ಕಾಗದ ಹೊತ್ತ ವೀರರ ಖಾಲಿ ಎದೆಗಳು. ಸುಗ್ಗಿ ಮುಗಿದು ನಾಟಕದ ಕಾಲ ಬರುವ ಮುಂಚೆ ಅವನು ಒಂದೊಂದನ್ನೂ ಇಳಿಸಿ, ಬೆವರು ಕುಡಿದು ಕಪ್ಪಾದ ಕಾಗದ ಕಿತ್ತು, ಹೊಸ ಕಾಗದ ಅಂಟಿಸಿ, ಉದುರಿದ ಕನ್ನಡಿ ಚೂರುಗಳನ್ನು ಮತ್ತೆ ಕೂರಿಸುತ್ತಿದ್ದ. ಹಳೆಯದನ್ನು ಹೊಸದು ಮಾಡುವುದೇ ಜೀವನವಾಗಿದ್ದವನಿಗೆ ಮಗಳು ಮಾಡುತ್ತಿದ್ದದ್ದು ಅರ್ಥವಾಗಿರಲಿಲ್ಲ. ಮೊನ್ನೆ ಅವಳು ಬೂಟ್ ಪಾಲಿಶನ್ನು ಚಿಂದಿಗೆ ಹಚ್ಚಿ, ಬೆಳ್ಳಿ ಬಳಿದ ಬೇರೊಂದು ತಗಡಿನ ತುಂಡಿನ ಮೇಲೆ ಒರೆಸಿ ನೋಡುತ್ತಿದ್ದಾಗ ಬಾಗಿಲಲ್ಲಿ ನಿಂತು, ಹೊಸಾದ ಯಾಕವ್ವ ಹಳೇದು ಮಾಡೀಯೆ, ಹಳೇದಾಗಾಕೆ ಅದಕ್ಕೇ ಗೊತ್ತಿಲ್ವಾ, ಎಂದು ಕೇಳಿದ್ದ. ಕೇಳಿದವನು ನಗುತ್ತ ಒಳಗೆ ಬಂದು, ಬಣ್ಣದ ವಿಚಾರ ಬಿಟ್ಟು, ಬೆರಳನ್ನು ಕವಚದ ಒಳಗೆ ಇಳಿಸಿ ಅಂಚುಗಳನ್ನು ಸವರಿ ನೋಡಿದ್ದ. ಅವನ ಕಸುಬಿನಲ್ಲಿ ತಗಡಿನ ಅಂಚಿಗೆ ಬಾಯಿ ಎನ್ನುತ್ತಾರೆ. ಬಾಯಿ ಮಡಚದೆ ಬಿಟ್ಟರೆ ಕಚ್ಚುತ್ತದೆ. ಹೊರಗಡೆದು ನೋಡೋರಿಗೆ, ಒಳಗಡೆದು ಹಾಕ್ಕಳೋರ ಮೈಗೆ ಎಂದು ಅವಳಿಗೆ ಎಂಟು ವರ್ಷವಿದ್ದಾಗಲೇ ಇಕ್ಕಳ ಕೊಟ್ಟು ಕೂರಿಸಿದ್ದ. ಅವಳ ಪುಟ್ಟ ಬೆರಳು ಹೋಗುವ ಸಂದಿಗೆ ಅವನ ಬೆರಳು ಹೋಗುತ್ತಿರಲಿಲ್ಲ. ಅಂದಿನಿಂದ ಆ ಮನೆಯಿಂದ ಹೊರಟ ಪ್ರತಿ ಕವಚದ ಬಾಯಿಯನ್ನೂ ಮಡಚಿದವಳು ಚೆಲುವಾಂಬ. ಇದರಲ್ಲಿ ಹದಿನೈದು ಬಾಯಿಗಳಿದ್ದವು. ಹದಿನಾಲ್ಕನ್ನು ಮಡಚಿ, ಮೇಲೆ ಅಜ್ಜಿಯ ಹಳೇ ಸೀರೆಯ ತುಂಡು ಅಂಟಿಸಿ ಆಗಿತ್ತು.

ಕವಚ ಅವಳ ಅಳತೆಗೇ ಕತ್ತರಿಸಿದ್ದು. ಯೋಧನ ಪಾತ್ರ ಅವಳದೇ ಆಗಿತ್ತು, ಹನ್ನೊಂದು ದಿನಗಳ ಹಿಂದಿನವರೆಗೆ. ಮುಖ ಮುಚ್ಚಿರುತ್ತದೆ, ಮೈ ಮುಚ್ಚಿರುತ್ತದೆ, ನಡೆದರೆ ಸಾಕು, ಕೊನೆಯಲ್ಲಿ ನಾಲ್ಕು ಮಾತು ಇಂಗ್ಲಿಷಿನಲ್ಲಿ. ಆ ನಾಲ್ಕು ಮಾತನ್ನು ಅವಳು ಬಸ್ಸಿನಲ್ಲಿ, ಬಚ್ಚಲಲ್ಲಿ, ಅಜ್ಜಿಯ ಕಾಲು ಒತ್ತುತ್ತ ಎಷ್ಟು ಸಲ ಹೇಳಿಕೊಂಡಿದ್ದಳೆಂದರೆ ಅಜ್ಜಿಗೂ ಬಾಯಿಪಾಠವಾಗಿತ್ತು. ಆದರೆ ಕಾಲೇಜಿನ ಹಾಲಿನಲ್ಲಿ, ಎತ್ತರದ ಚಾವಣಿಯ ಕೆಳಗೆ, ಅವು ಸಾಲಿಗ್ರಾಮದ ಮಾತುಗಳಾಗಿಯೇ ಹೊರಬಂದವು. ಸರ್ ಬೇಸರ ಮಾಡಿಕೊಳ್ಳಲಿಲ್ಲ. ಅವರು ಯಾವತ್ತೂ ಬೇಸರ ಮಾಡಿಕೊಳ್ಳುವವರಲ್ಲ. ಮುಖ ಹೇಗೂ ಕಾಣಲ್ವಲ್ಲಮ್ಮ, ಯಾರಾದ್ರೇನು, ಮಾತು ಸರಿ ಹೋಗಬೇಕು ಅಷ್ಟೆ ಎಂದು ಪಾತ್ರವನ್ನು ರಮ್ಯಳಿಗೆ ಕೊಟ್ಟರು. ಯಾರಾದರೇನು ಎಂದಾದರೆ ನಾನು ನಡೆಯುತ್ತೇನೆ, ರಮ್ಯ ಪರದೆ ಹಿಂದೆ ನಿಂತು ಮಾತಾಡಲಿ ಎಂದು ಚೆಲುವಾಂಬ ಹೇಳಿಬಿಟ್ಟಳು. ಹೇಳುವಾಗ ಅದು ಬಹಳ ಸರಳವಾದ, ಎಲ್ಲರಿಗೂ ಒಳ್ಳೆಯದಾದ ಉಪಾಯವಾಗಿ ಕಂಡಿತ್ತು. ನಗು ಶುರುವಾದ ಮೇಲೆಯೇ ತಾನು ಏನು ಕೇಳಿದೆ ಎಂದು ತಿಳಿದದ್ದು. ಕವಚದ ಕೆಲಸ ಮಾತ್ರ ನಿನ್ನದೇ ಎಂದರು ಸರ್, ನಿಮ್ಮನೇಲಿ ಅದೇ ಕೆಲಸ ಅಲ್ವಾ. ಆವತ್ತಿನಿಂದ ಅವಳ ಹೆಸರು ಡ್ರೆಸ್ ಕಂಪನಿ.

ಹಜಾರದಿಂದ ಅಜ್ಜಿ ದೊಡ್ಡತಾಯಮ್ಮ ಕರೆದಳು. ಕಣ್ಣು ಮಂಜಾದ ಮೇಲೆ ಅವಳ ಕಿವಿ ಬಹಳ ಚುರುಕಾಗಿತ್ತು. ನೆಲಕ್ಕೆ ಬಿದ್ದ ಉಪ್ಪಿನ ಸದ್ದೂ ಕೇಳಿಸಿತ್ತು. ಉಪ್ಪ ತುಳೀಬ್ಯಾಡ ಮಗ ಎಂದಳು. ತುಳಿಯುತ್ತಿಲ್ಲ ಎಂದು ಚೆಲುವಾಂಬ ಕೂತಲ್ಲಿಂದಲೇ ಹೇಳಿ, ಕಾಲ ಹೆಬ್ಬೆರಳಿನ ಕೆಳಗಿದ್ದ ಒಂದು ಹರಳನ್ನು ಪುಡಿಯಾಗುವ ತನಕ ಒತ್ತಿದಳು. ಈ ಹೆಸರಿಟ್ಟವಳೂ ಅಜ್ಜಿಯೇ. ಚೆಲುವಾಂಬ. ಹೆಸರಿಡುವಾಗ ಮಗುವಿನ ಮುಖ ನೋಡಿದ್ದಳೋ ಇಲ್ಲವೋ. ಚಿಕ್ಕಂದಿನಲ್ಲಿ ಅಜ್ಜಿಯ ಪಕ್ಕ ಮಲಗಿದಾಗ ಬರುತ್ತಿದ್ದ ಕತೆಗಳಲ್ಲಿ ಎಲ್ಲ ಹುಡುಗಿಯರೂ ಚೆಲುವೆಯರು, ಬೆಳದಿಂಗಳ ಬಣ್ಣದವರು. ಅವಳಿಗೆ ಆ ಹುಡುಗಿಯರಿಗಿಂತ ಹೆಚ್ಚು ನೆನಪಿನಲ್ಲಿ ಉಳಿದವಳು ಒಬ್ಬ ಕಿರಿಯ ರಾಣಿ. ಸವತಿಯ ಮಗಳಿಗೆ ಕುಪ್ಪಸ ಹೊಲಿದು ಕೊಡುತ್ತಾಳೆ; ಹೊರಗೆಲ್ಲ ಮುತ್ತು, ಒಳಗೆಲ್ಲ ಜಾಲಿಯ ಮುಳ್ಳು. ತೊಟ್ಟ ಹುಡುಗಿ ಆಹಾ ಎನ್ನುವ ಊರಿನ ಮುಂದೆ ನಗುತ್ತ ನಡೆಯುತ್ತಾಳೆ, ಹೆಜ್ಜೆಗೊಂದು ಹನಿ ರಕ್ತ ಬಿದ್ದು, ಬಿದ್ದಲ್ಲೆಲ್ಲ ದಾಸವಾಳ ಅರಳುತ್ತದೆ. ಹೊಲಿಯೋವಾಗ ರಾಣಿ ಕೈಗೆ ಚುಚ್ಚಲಿಲ್ವಾ ಅಜ್ಜಿ, ಎಂದು ಅವಳು ಪ್ರತಿ ಸಲ ಕೇಳುತ್ತಿದ್ದಳು. ಅಜ್ಜಿಗೆ ಸಿಟ್ಟು ಬರುತ್ತಿತ್ತು. ಅಳೋ ಮಗೀನ ಬುಟ್ಟು ಅವಳ ಕೈ ಕೇಳ್ತೀಯಲ್ಲ, ಮನಿಕೊ ಎನ್ನುತ್ತಿದ್ದಳು. ಕತ್ತಲಲ್ಲಿ ಚೆಲುವಾಂಬ ರಾಣಿಯ ಬೆರಳುಗಳನ್ನೇ ನೋಡುತ್ತ ಮಲಗುತ್ತಿದ್ದಳು. ಎಷ್ಟು ಜಾಗ್ರತೆಯಿಂದ ಹೊಲಿದಿರಬೇಕು. ಎಷ್ಟು ಹೊತ್ತು ಒಬ್ಬಳೇ ಕೂತಿರಬೇಕು.

ರಮ್ಯ ಕೆಟ್ಟವಳಾಗಿದ್ದರೆ ಸುಲಭವಿತ್ತು. ರಾವಂದೂರಿನ ಹೊಗೆಸೊಪ್ಪಿನ ಮನೆಯವಳು, ಕೃಷ್ಣರಾಜನಗರದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ತಿಂಡಿ ತಂದರೆ ಎಲ್ಲರಿಗೂ ಹಂಚುತ್ತಿದ್ದಳು. ಕವಚ ತನಗೆ ಪಕ್ಕೆಯಲ್ಲಿ ನಾಲ್ಕು ನಾಲ್ಕು ಬೆರಳು ಬಿಗಿಯೆಂದು ಅಳತೆ ತೆಗೆದಾಗ ತಿಳಿದು ತಾನೇ ನಾಚಿಕೊಂಡು, ನಾನು ಊಟ ಬಿಡಬೇಕು ಕಣೆ ಎಂದಿದ್ದಳು. ನಿಜವಾದ ತುಕ್ಕಿನ ಬಣ್ಣ ನೋಡಬೇಕು ಎಂದು ಚೆಲುವಾಂಬ ಒಮ್ಮೆ ಅಂದದ್ದಕ್ಕೆ, ಊರಿನಿಂದ ಬರುವಾಗ ಹೊಗೆಸೊಪ್ಪು ಒಣಗಿಸುವ ತಮ್ಮ ಬ್ಯಾರನ್ನಿನಲ್ಲಿ ಬಿಸಿ ಹರಿಯುವ ಹಳೇ ತಗಡಿನ ಕೊಳವೆಯ ತುಂಡೊಂದನ್ನು ಪೇಪರಿನಲ್ಲಿ ಸುತ್ತಿ ಬಸ್ಸಿನಲ್ಲಿ ಹೊತ್ತು ತಂದಿದ್ದಳು. ಬಲಪಕ್ಕೆಗೆ ಎಣ್ಣೆ ಡಬ್ಬದ್ದೇ ಪಟ್ಟಿ ಸೇರಿಸಿ, ಬಾಯಿ ಮಡಚಿ, ಬಟ್ಟೆ ಅಂಟಿಸಿದ್ದು ಮೊನ್ನೆ ಬುಧವಾರ. ಗುರುವಾರ ಕೊನೆಯ ರಿಹರ್ಸಲ್. ಹೆಲ್ಮೆಟ್ಟು ಹಾಕಿಕೊಂಡು ಬೆವತು ತೆಗೆದ ರಮ್ಯ, ಕೂದಲು ಹಿಂದಕ್ಕೆ ತಳ್ಳಿ, ಎಲ್ಲರಿಗೂ ಕೇಳುವ ಹಾಗೆ, ಅಯ್ಯೋ ಈಗ ಗೊತ್ತಾಯ್ತು ಕಣ್ರೇ, ಮುಖ ಮುಚ್ಚೋ ಪಾರ್ಟು ಅಂತಾನೇ ಸರ್ ಮೊದಲು ಇವಳಿಗೆ ಕೊಟ್ಟಿದ್ದು, ಎಂದಳು. ತಮಾಷೆಗೆ ಅಂದದ್ದು. ಅಂದು ಚೆಲುವಾಂಬಳ ಹೆಗಲ ಮೇಲೆ ಕೈಯನ್ನೂ ಹಾಕಿದಳು. ಎಲ್ಲರೂ ನಕ್ಕರು. ಸರ್ ಪುಸ್ತಕದೊಳಗೆ ನಕ್ಕರು. ಚೆಲುವಾಂಬಳೂ ನಕ್ಕಳು, ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚೇ ನಕ್ಕಳು. ಎಡಪಕ್ಕೆಗೆ ಬ್ಯಾರನ್ನಿನ ತಗಡಿನಿಂದ ಪಟ್ಟಿ ಕತ್ತರಿಸಿ ಕೂರಿಸಿದ್ದು ಶುಕ್ರವಾರ ಬೆಳಿಗ್ಗೆ. ಬಾಯಿ ಆಮೇಲೆ ಮಡಚೋಣ ಎಂದುಕೊಂಡಳು. ಅಪ್ಪ ಬಟ್ಟೆಗಂಟು ಹೊತ್ತು ಭೇರ್ಯದ ಕಡೆ ನಾಟಕಕ್ಕೆ ಹೊರಡುವಾಗ, ಬಾಯೆಲ್ಲ ಮಡಚಾಯ್ತಾ ಎಂದು ಕೇಳಿದ. ಆಯ್ತು ಎಂದಳು. ಆಗಲೂ ಆಮೇಲೆ ಮಡಚೋಣ ಎಂದೇ ಇತ್ತು. ಬಣ್ಣ ಹೊಡೆಯುವ ಮುಂಚೆ ಮಡಚಬೇಕು, ಹೊಡೆದ ಮೇಲೆ ಮಡಚಿದರೆ ಬಣ್ಣ ಬಿರಿದು ಏಳುತ್ತದೆ. ಇದು ಅವಳಿಗೆ ಎಂಟನೇ ವರ್ಷದಿಂದ ಗೊತ್ತು. ಶುಕ್ರವಾರ ರಾತ್ರಿ ಅವಳು ಬಣ್ಣ ಹೊಡೆದಳು.

ಉಪ್ಪು ಒಣಗಿತ್ತು. ಬಟ್ಟೆಯ ಉಂಡೆಯಿಂದ ಉಜ್ಜಿದಾಗ ಹರಳುಗಳು ಸರಸರ ಉದುರಿ, ಬೆಳ್ಳಿಯ ಮೈಯಲ್ಲಿ ಸಿಡುಬಿನ ಕಲೆಗಳಂಥ ತೂತುಗಳು ಕಂಡವು. ಒಂದು ಕ್ಷಣ ಅವಳು ಎಲ್ಲವನ್ನೂ ಮರೆತಳು. ಇದು ಇನ್ನು ಎಣ್ಣೆ ಡಬ್ಬವಲ್ಲ. ಎಲ್ಲೋ ಕೆಂಪು ಧೂಳಿನ ಬಯಲಿನಲ್ಲಿ ಬಿದ್ದು, ಎದ್ದು, ಯಾರಿಗಾಗಿಯೋ ನಡೆದು ಬಂದ ಮೈ. ಚೂಪು ಮೊಳೆಯಿಂದ ಎದೆಯ ಮೇಲೆ ಎರಡು ಗೀರು ಎಳೆದಳು. ಮಡಿಕೆ ಬಂದ ಕಡೆಯೆಲ್ಲ ಒಲೆಮಸಿ ತುಂಬಿ, ಮೇಲ್ಮೈ ಒರೆಸಿದಳು. ಎಡಗಂಕುಳಿನ ಹತ್ತಿರ ಕೈ ಬಂದಾಗ ಅದಕ್ಕೂ ಮಸಿ ತುಂಬಿದಳು. ಬೆರಳಿಗೆ ಅಂಚು ತಾಗಿತು, ತಣ್ಣಗಿತ್ತು. ರಮ್ಯ ಕೊನೆಯ ದೃಶ್ಯದಲ್ಲಿ ಎರಡು ತೋಳನ್ನೂ ಮೇಲೆತ್ತಬೇಕು. ಎಷ್ಟೆಂದರೆ ಎಷ್ಟು ಚುಚ್ಚೀತು. ಗೀರು ಬಿದ್ದೀತು, ಅಷ್ಟೆ. ನಾಳೆಗೆ ಅರಿಶಿನ ಹಚ್ಚಿದರೆ ಮಾಯುವಂಥದ್ದು. ಹಾಗೆಂದುಕೊಂಡು ಸಮಾಧಾನವಾದ ಮೇಲೆ, ಅಷ್ಟೇ ಆದರೆ ಸಾಲದು ಎಂದು ಇನ್ನೊಂದು ಕಡೆಯಿಂದ ಯಾರೋ ಅಂದಂತಾಯಿತು. ಆ ದನಿಯೂ ತನ್ನದೇ ಎಂದು ತಿಳಿದು ಅವಳು ಡಿಕಾಕ್ಷನ್ನಿನ ಲೋಟ ಎತ್ತಿಕೊಂಡಳು. ಬಣ್ಣ ಈಗಲೂ ಸರಿಯಿರಲಿಲ್ಲ. ಹೊಟ್ಟೆಯ ಭಾಗ ಖಾಲಿ ಖಾಲಿ, ತೀರ ಶುಭ್ರ. ಅಲ್ಲಿಗೊಂದು ಬೇಕಿತ್ತು, ಮೇಲಿನಿಂದ ಇಳಿದ, ದಟ್ಟವಾದ ಏನೋ ಒಂದು.

ಅಪ್ಪ ನಾಳೆ ಬರಬೇಕಾದವನು ಒಂದು ಗಂಟೆಗೇ ಬಂದ. ಗಂಟುಗಳನ್ನು ಹಜಾರದಲ್ಲಿ ಇಳಿಸಿ, ನಿದ್ದೆಗೆಟ್ಟ ಕಣ್ಣುಗಳನ್ನು ತೊಳೆದುಕೊಂಡು, ಮಗಳ ಕವಚ ಇವತ್ತು ಹೋಗುತ್ತದಲ್ಲ ಎಂದೇ ಉಳಿಯದೆ ಬಸ್ಸು ಹಿಡಿದೆ ಎಂದು ಅಜ್ಜಿಗೆ ಹೇಳುತ್ತಿದ್ದದ್ದು ಕೇಳಿಸಿತು. ಒಳಗೆ ಬಂದವನು ಬಾಗಿಲಲ್ಲೇ ನಿಂತ. ಬಹಳ ಹೊತ್ತು ನೋಡಿದ. ಆಮೇಲೆ ಅಂಗಿ ಬಿಚ್ಚಿ ಮೊಳೆಗೆ ತಗುಲಿಸಿದ.

ಆಗ ಅವಳಿಗೆ ನೆನಪಾಯಿತು. ಆ ಮನೆಯಲ್ಲಿ ಒಂದು ಪದ್ಧತಿ. ಯಾವ ಕವಚವೂ ಅಪ್ಪ ಒಂದು ಸಲ ಬರಿಮೈಗೆ ತೊಟ್ಟು, ಎರಡು ಕೈ ಮೇಲೆತ್ತಿ, ಪೂರ್ವಕ್ಕೆ ಮುಖ ಮಾಡಿ ಒಂದು ಸುತ್ತು ತಿರುಗದೆ ಹೊಸ್ತಿಲು ದಾಟುವುದಿಲ್ಲ. ದಾಟುವಾಗ, ತೊಡುವವರ ಕೈಗೆ ಕೊಟ್ಟು, ಹಾಕ್ಕಳಿ, ಕಚ್ಚಾಕಿಲ್ಲ ಎನ್ನುತ್ತಾನೆ. ಸಾವಿರ ಸಲ ನೋಡಿದ್ದು. ಅದನ್ನು ಮರೆತೇ ಇದ್ದಳು. ಹುಡುಗಿಯ ಅಳತೆಯದು, ಅಪ್ಪನಿಗೆ ಹಿಡಿಸುವುದಿಲ್ಲ ಎಂದಾದರೂ ಯೋಚಿಸಿರಲಿಲ್ಲ. ಈಗ ನೋಡಿದರೆ ಅಂಗಿಯಿಲ್ಲದ ಅಪ್ಪನ ಎದೆ ಒಂದು ಹುಡುಗಿಯ ಎದೆಗಿಂತ ದೊಡ್ಡದಾಗಿರಲಿಲ್ಲ. ಯಾವಾಗ ಇಷ್ಟು ಕುಗ್ಗಿದ. ಬೇಡ ಎನ್ನಲು ಒಂದೇ ಮಾತು ಸಾಕಿತ್ತು. ಬಣ್ಣ ಹಸಿ ಇದೆ ಎಂದರೆ ನಿಲ್ಲುತ್ತಿದ್ದ. ಅವಳು ಅಪ್ಪ ತಲೆ ತೂರಿಸುವುದನ್ನು ನೋಡಿದಳು. ಪಕ್ಕೆಯ ದಾರ ಕಟ್ಟಿಕೊಳ್ಳುವುದನ್ನು ನೋಡಿದಳು. ಮಣೆಯ ಮೇಲಿದ್ದಾಗ ಬರೀ ತಗಡಾಗಿದ್ದದ್ದು ಒಂದು ಮೈ ಸೇರಿದ ಕೂಡಲೆ ಉಸಿರಾಡುತ್ತಿತ್ತು, ಮತ್ತು ಆ ಕ್ಷಣದಲ್ಲಿ ಅವಳಿಗಿದ್ದದ್ದು ಭಯವಲ್ಲ. ಎಷ್ಟು ಚೆನ್ನಾಗಿದೆ ಎಂಬ ಯೋಚನೆ. ಅಪ್ಪ ಪೂರ್ವಕ್ಕೆ ತಿರುಗಿ ಎರಡು ಕೈಗಳನ್ನೂ ಮೇಲೆತ್ತಿದ.

ಅವನು ಕೂಗಲಿಲ್ಲ. ಮೂಗಿನಲ್ಲಿ ಉಸಿರೆಳೆದುಕೊಂಡ ಸದ್ದು ಮಾತ್ರ. ಎತ್ತಿದ ಕೈ ಎತ್ತಿದಂತೆಯೇ ನಿಂತವು, ಇಳಿಸಿದರೆ ಮತ್ತೆ ಕುಯ್ಯುತ್ತದೆಂದು ಅವನಿಗೆ ಗೊತ್ತಿತ್ತು. ಕಂಕುಳಿನಿಂದ ಒಂದು ಎಳೆ ಇಳಿದು, ಅಂಚು ದಾಟಿ, ಬೆಳ್ಳಿಯ ಹೊಟ್ಟೆಯ ಮೇಲೆ ನಿಧಾನವಾಗಿ ಹರಿಯಿತು. ಅವಳೇ ಎದ್ದು ದಾರ ಬಿಚ್ಚಬೇಕಾಯಿತು. ಕವಚವನ್ನು ಮೇಲಕ್ಕೆಳೆದು ತೆಗೆದು ಮಣೆಯ ಮೇಲಿಟ್ಟಾಗ ಅಪ್ಪ ಒಂದು ಚಿಂದಿಯನ್ನು ಕಂಕುಳಿಗೆ ಒತ್ತಿ ಹಿಡಿದು, ನಿನ್ನ ಬಣ್ಣ ಕೆಡಿಸ್ಬುಟ್ನಲ್ಲವ್ವ ಎಂದ. ಹಾಗೆ ಅಂದವನು ಮಂಡಿಯೂರಿ ಕೂತು, ಬಲಗೈಯ ಬೆರಳನ್ನು ಕವಚದ ಒಳಗಿಳಿಸಿದ. ಕೊರಳು. ಬಲಗಂಕುಳು. ಸೊಂಟ. ಬೆರಳು ಒಂದೊಂದು ಬಾಯಿಯ ಮೇಲೂ ನಿಂತು ಮುಂದೆ ಹೋಯಿತು. ಹದಿನಾಲ್ಕರಲ್ಲೂ ಸೀರೆಯ ಬಟ್ಟೆ ಮೆತ್ತಗೆ ಸಿಕ್ಕಿರಬೇಕು. ಹದಿನೈದನೆಯದರ ಹತ್ತಿರ ಬೆರಳು ನಿಂತಿತು. ಒಂದು ಬಾಯಿ ಮರೆಯುವವರು ಇನ್ನೊಂದನ್ನೂ ಮರೆತಿರುತ್ತಾರೆ, ಇನ್ನೆಲ್ಲೋ ಅರ್ಧ ಮಡಚಿರುತ್ತಾರೆ. ಇಪ್ಪತ್ತೆಂಟು ವರ್ಷದ ಕೈಗೆ ಅದು ತಿಳಿಯದೆ ಇರಲಾರದು. ಅಂಚಿನ ಹೊರಮೈ ತುಂಬ ಮಸಿ ಎಷ್ಟು ನಾಜೂಕಾಗಿ ತುಂಬಿದೆ ಎಂಬುದನ್ನೂ ಅವನು ನೋಡಿದ.

"ಇದು ನಿನಗೋ, ಬ್ಯಾರೆಯೋರಿಗೋ?"

ರಮ್ಯಳಿಗೆ ಎಂದಳು. ಪಾತ್ರ ಕೈ ತಪ್ಪಿದ್ದನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ. ಅಪ್ಪ ತಲೆಯೆತ್ತಲಿಲ್ಲ. ಹೊರಗೆ ಅಜ್ಜಿ ಯಾಕ್ಲಾ ಕಂಠ, ಏನಾಯ್ತು ಎಂದು ಎರಡು ಸಲ ಕೇಳಿದಳು.

"ಮರ್ತ್ಬುಟ್ಟೆ ಅನ್ನವ್ವ," ಎಂದ ಅಪ್ಪ. ದನಿ ಬಹಳ ತಗ್ಗಿತ್ತು, ಬೇಡುವವನ ದನಿ. "ಮರ್ತೆ ಅನ್ನು. ಅಷ್ಟ ಅನ್ನು, ಸಾಕು."

ಅವಳು ಅನ್ನುವವಳಿದ್ದಳು. ಮಾತು ನಾಲಿಗೆಯ ಮೇಲೆ ಇತ್ತು. ಆದರೆ ಅಪ್ಪ ತನ್ನ ಮಾತಿನ ಜೊತೆಗೇ ಒದ್ದೆ ಬಟ್ಟೆ ತೆಗೆದುಕೊಂಡು ಕವಚದ ಹೊಟ್ಟೆಯ ಕಡೆ ಕೈ ಚಾಚಿದ್ದ, ಮತ್ತು ಅಲ್ಲಿ ಆ ಎಳೆ ಅಂಚಿನಲ್ಲಿ ಒಣಗತೊಡಗಿತ್ತು. ಇಟ್ಟಿಗೆಯ ಕೆಂಪಲ್ಲ, ಕಾಫಿಯ ಕಂದಲ್ಲ. ದಟ್ಟ, ಅಂಚಿನಲ್ಲಿ ಕಪ್ಪು, ಉಪ್ಪಿನ ತೂತುಗಳೊಳಗೆ ಇಳಿದು ನಿಂತದ್ದು. ಮೂರು ದಿನದಿಂದ ಅವಳು ಹುಡುಕುತ್ತಿದ್ದದ್ದು ಅದೇ.

"ಒರೆಸ್ಬ್ಯಾಡ ಕಣಪ್ಪ," ಎಂದಳು. "ಅಂಗೇ ಇರ್ಲಿ ಅದು."

ಅಪ್ಪನ ಕೈ ನಿಂತಿತು. ಅವನು ಈಗ ಅವಳನ್ನು ನೋಡಿದ. ನಾಟಕದ ದಿನ ಬಣ್ಣ ಹಚ್ಚಿದ ಮುಖಗಳ ಸಾಲಿನಲ್ಲಿ ತನ್ನೂರಿನವನು ಯಾವನು ಎಂದು ಹುಡುಕುವಾಗ ನೋಡುತ್ತಾನಲ್ಲ, ಹಾಗೆ. ಒದ್ದೆ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿದ. ಇಕ್ಕಳ ತೆಗೆದುಕೊಂಡು, ಕವಚವನ್ನು ತೊಡೆಯ ಮೇಲೆ ಮಲಗಿಸಿ, ಎಡಗೈ ಎತ್ತಲಾರದೆ ಹಲ್ಲಿನಲ್ಲಿ ಬಟ್ಟೆಯ ತುಂಡು ಕಚ್ಚಿಕೊಂಡು, ಹದಿನೈದನೇ ಬಾಯಿಯನ್ನು ಚೂರು ಚೂರಾಗಿ ಮಡಚಿದ. ಬಣ್ಣ ಬಿರಿದು ಹಪ್ಪಳದ ಹಾಗೆ ಎದ್ದು ಉದುರಿತು. ಕೆಳಗಿನಿಂದ ಬ್ಯಾರನ್ನಿನ ನಿಜವಾದ ತುಕ್ಕು ಕಂಡಿತು. ಮಂಕಾಗಿ, ಯಾರೂ ನಂಬದ ಹಾಗೆ ಸಪ್ಪೆಯಾಗಿ ಇತ್ತು. ಮಡಚಿದ್ದರ ಮೇಲೆ ಸೀರೆಯ ತುಂಡು ಅಂಟಿಸಿ, ಹೆಬ್ಬೆರಳಿನಿಂದ ಉದ್ದಕ್ಕೂ ಒತ್ತಿದ. ಅಷ್ಟರಲ್ಲಿ ಕವಚ ಒಯ್ಯಲು ರಮ್ಯಳ ಸೋದರಮಾವನ ಜೀಪು ಬಂದು ಬೀದಿಯಲ್ಲಿ ನಿಂತಿತು. ರಮ್ಯ ಚಪ್ಪಲಿ ಬಿಟ್ಟು ಒಳಗೆ ಬಂದು, ಕವಚ ನೋಡಿ ಎರಡು ಕೆನ್ನೆಗೂ ಕೈ ಹಚ್ಚಿಕೊಂಡಳು. ಅಯ್ಯಪ್ಪ, ನೀನು ಮನುಷ್ಯಳಲ್ಲ ಕಣೆ ಎಂದಳು ಪ್ರೀತಿಯಿಂದ. ಇಕ್ಕಳ ಹಿಡಿದ ಮುದುಕನನ್ನು ಕಂಡು, ತಗಡು ಚುಚ್ಚುತ್ತಾ ಅಂಕಲ್ ಎಂದು ಕೇಳಿದಳು. ಅಪ್ಪ ಅಂಗಿ ಹಾಕಿಕೊಂಡಿದ್ದ. ಎಡತೋಳನ್ನು ಮೈಗೆ ಒತ್ತಿಕೊಂಡಿದ್ದ. ಬಲಗೈಯೊಂದರಲ್ಲೇ ಕವಚವನ್ನು ಎತ್ತಿ ಅವಳ ಕೈಗೆ ಕೊಟ್ಟ.

"ಹಾಕ್ಕಳವ್ವ," ಎಂದ. "ಕಚ್ಚಾಕಿಲ್ಲ."

ಕಚ್ಚಲಿಲ್ಲ. ರಮ್ಯ ತೋಳೆತ್ತಿದಳು, ನಾಲ್ಕು ಮಾತು ಹೇಳಿದಳು, ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪರದೆಯ ಪಕ್ಕದಲ್ಲಿ ನಿಂತಿದ್ದ ಚೆಲುವಾಂಬ ಅವಳ ಮುಖ ನೋಡಲಿಲ್ಲ, ನೋಡಲು ಮುಖವೂ ಕಾಣುತ್ತಿರಲಿಲ್ಲ. ದೀಪದ ಕೆಳಗೆ ಹೊಟ್ಟೆಯ ಮೇಲಿನ ಆ ಕಂದು ಎಳೆಯನ್ನೇ ನೋಡುತ್ತಿದ್ದಳು. ಆಮೇಲೆ ಮೈಸೂರಿನಿಂದ ಬಂದಿದ್ದ ಅತಿಥಿಗಳು ಹತ್ತಿರ ಬಂದು, ಬಾಗಿ, ಸರ್ ಕಡೆ ತಿರುಗಿ, ಉಳಿದದ್ದೆಲ್ಲ ಬಣ್ಣ ಅಂತ ಗೊತ್ತಾಗುತ್ತೆ, ಇದೊಂದು ಮಾತ್ರ ಹೇಗೆ ಮಾಡಿದ್ರು ಎಂದು ಕೇಳಿದರು. ಸರ್ ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದರು. ಮನೇಲೇ ಮಾಡಿದ್ದು ಸರ್ ಎಂದಳು. ರಮ್ಯ ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಬಂದು, ಒಂದು ಕಡೆನೂ ಚುಚ್ಚಲಿಲ್ಲ ಕಣೆ, ನಿಮ್ಮಪ್ಪನಿಗೆ ಥ್ಯಾಂಕ್ಸ್ ಹೇಳು ಎಂದಳು. ಡ್ರೆಸ್ ಕಂಪನಿ ಎಂದು ಯಾರೂ ಕರೆಯಲಿಲ್ಲ. ಅದನ್ನು ಅವಳು ಬಸ್ಸಿನಲ್ಲಿ ಕೂತ ಮೇಲೆ ಗಮನಿಸಿದಳು. ಸಂತೋಷವಾಯಿತು. ಸಂತೋಷವಾದದ್ದೇ ಹೇಸಿಗೆಯಾಗಿ, ಕಿಟಕಿಯ ಕಂಬಿಗೆ ಹಣೆ ಒತ್ತಿದಳು. ಕವಚ ತೊಡೆಯ ಮೇಲಿತ್ತು. ಪಕ್ಕದಲ್ಲಿ ಕೂತ ಹೆಂಗಸು, ಏನವ್ವ ಇದು, ಎಲ್ಲಿ ಸಿಕ್ತು ಇಷ್ಟು ಹಳೇ ತಗಡು ಎಂದು ಕೇಳಿ, ಸೀರೆಗೆ ತಾಗದ ಹಾಗೆ ಸರಿದು ಕೂತಳು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದಳು. ಅಜ್ಜಿ ಹೆಜ್ಜೆಯ ಸದ್ದು ಕೇಳಿಯೂ ಮಗ ಬಂದೆಯಾ ಎನ್ನಲಿಲ್ಲ. ಅಪ್ಪ ಒಳಗೆ ಹೊಸದೊಂದು ಎದೆಗವಚ ಮುಂದಿಟ್ಟುಕೊಂಡು ಕೂತಿದ್ದ. ಮುಂದಿನ ವಾರದ ಕರ್ಣನದು ಇರಬೇಕು. ಅಂಗಿಯ ಎಡಪಕ್ಕೆಯಲ್ಲಿ ಅಂಗೈ ಅಗಲ ಕಲೆ, ಆಗಲೇ ಆ ಬಣ್ಣಕ್ಕೆ ತಿರುಗಿತ್ತು. ಚೆನ್ನಾಗಿತ್ತಾ ಎಂದು ಕೇಳಿದ. ಚೆನ್ನಾಗಿತ್ತು ಎಂದಳು. ಅವಳು ತನ್ನ ಕವಚವನ್ನು ಮೊಳೆಗೆ ತಗುಲಿಸಿ, ಕೈಕಾಲು ತೊಳೆದು ಬಂದು, ಎಂಟನೇ ವರ್ಷದಿಂದ ಕೂರುತ್ತಿದ್ದ ಜಾಗದಲ್ಲಿ, ಅಪ್ಪನ ಎದುರಿಗೆ ಚಕ್ಕಳಮಕ್ಕಳ ಕೂತಳು. ಅಪ್ಪ ಕತ್ತರಿಯಿಟ್ಟು ಕಂಕುಳಿನ ಸಂದಿ ಕತ್ತರಿಸಿ ಮುಗಿಸಿದ. ಅವನ ಬೆರಳು ಹೋಗದ ಸಂದಿ. ಯಾವಾಗಲೂ ಅಲ್ಲಿಗೆ ಬಂದಾಗ ಮಾಡುವಂತೆ ಅವಳು ಎರಡು ಕೈಗಳನ್ನೂ ಮುಂದೆ ಚಾಚಿದಳು.

"ಬುಡವ್ವ," ಎಂದ ಅಪ್ಪ. "ನಾನೇ ಮಡಚ್ಕತೀನಿ."

ಹೇಳಿ, ಕವಚವನ್ನು ತನ್ನ ಇನ್ನೊಂದು ಮಗ್ಗುಲಿಗೆ, ಎತ್ತಲಾಗದ ಕೈಯ ಕಡೆಗೆ, ಸರಿಸಿಕೊಂಡ.